ತೊಟ್ಟಿಲಲ್ಲಿ ಮಗು, ಹೊಸಿಲಲ್ಲಿ ನಾಯಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ನಮ್ಮ ಮನೆಯಲ್ಲಿ 9 ವರ್ಷದ ಮಗಳು, 4 ವರ್ಷದ ಮಗ, 70 ದಾಟಿದ ಅತ್ತೆ ಮತ್ತು ಕರಿಯ ಎಂಬ 6 ವರ್ಷದ ನಾಡುನಾಯಿ ಒಂದೇ ಸೂರಿನಡಿ ಇದ್ದಾರೆ. ಕರಿಯನಿಗಿಂತ ಮೊದಲು ಇನ್ನೊಂದು ನಾಯಿ ಇತ್ತು. ಹೀಗಾಗಿ ಮರಿ ತರಬೇಕೆಂದಿರುವವರು, ತಂದು ಪೇಚಿಗೆ ಸಿಕ್ಕಿದವರು, ಮಗು ಹುಟ್ಟಿದ ಮೇಲೆ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಬೇಕೇ ಎಂದು ಕಂಗಾಲಾದವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಹಾಗೆ ಕೇಳಿದ ಪ್ರಶ್ನೆಗಳು ಮತ್ತು ನಾವು ಕೊಡುವ ಉತ್ತರಗಳು ಇಲ್ಲಿವೆ.

ಮಗು ನಾಯಿ ಬೇಕೆಂದು ಹಠ ಹಿಡಿದಿದೆ. ತರಬಹುದೇ?

ಮನೆಯ ದೊಡ್ಡವರಲ್ಲಿ ಒಬ್ಬರಿಗಾದರೂ ನಾಯಿ ಬೇಕಿದ್ದರೆ ತರಬಹುದು; ಮಗುವಿಗೆ ಮಾತ್ರ ಬೇಕಿದ್ದರೆ ಬೇಡ. "ಊಟ ನಾನೇ ಹಾಕ್ತೀನಿ, ವಾಕಿಂಗ್ ನಾನೇ ಕರ್ಕೊಂಡು ಹೋಗ್ತೀನಿ" ಎಂದು ಮಕ್ಕಳು ಕೊಡುವ ಮಾತು ಸುಳ್ಳಲ್ಲ, ಆದರೆ ಅದರ ಆಯುಸ್ಸು ಮೂರು ವಾರ. ಆಮೇಲೆ ಅಪ್ಪ ಅಮ್ಮನಿಗೆ ಹೇಳುವುದು, ಅಮ್ಮ ಮಗಳಿಗೆ ಹೇಳುವುದು, ಮಗಳು ತಮ್ಮನಿಗೆ ಹೇಳುವುದು. ಆಳಿಗೆ ಹೇಳಿದರೆ ಆಳು ನಾಯಿಗೆ ಹೇಳಿತು, ನಾಯಿ ತನ್ನ ಬಾಲಕ್ಕೆ ಹೇಳಿತು ಎಂಬ ಗಾದೆಯಲ್ಲಿ ಕೊನೆಗೆ ಹಸಿದಿರುವುದು ನಾಯಿಯೇ.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಚೆನ್ನಾಗಿ ನೋಡಿಕೊಂಡ ನಾಯಿ ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತದೆ. ಇಂದು ಮೂರನೇ ತರಗತಿಯಲ್ಲಿರುವ ಮಗು, ನಾಯಿಗೆ ಕಣ್ಣು ಮಂಜಾಗಿ ಕೀಲು ಹಿಡಿಯುವ ಹೊತ್ತಿಗೆ ಬೇರೆ ಊರಿನ ಹಾಸ್ಟೆಲಿನಲ್ಲಿರುತ್ತದೆ. ಆ ನಾಯಿಯನ್ನು ಎತ್ತಿಕೊಂಡು ಮೆಟ್ಟಿಲಿಳಿಸುವವರು ನೀವೇ.

ಮಕ್ಕಳಿರುವ ಮನೆಗೆ ಯಾವ ತಳಿ ಒಳ್ಳೆಯದು?

ತಳಿಗಿಂತ ಆ ನಾಯಿಯ ಸ್ವಭಾವ ಮುಖ್ಯ, ಸ್ವಭಾವಕ್ಕಿಂತ ಅದನ್ನು ಬೆಳೆಸಿದ ರೀತಿ ಮುಖ್ಯ. ಆದರೂ ನಮ್ಮ ಹವೆಯನ್ನು ಮರೆತು ನಾಯಿ ತರಬಾರದು. ಹಿಮದ ನಾಡಿನ ಹಸ್ಕಿಯನ್ನು ತಂದು ಕಲಬುರಗಿಯ ಬೇಸಿಗೆಯಲ್ಲಿ ಸಾಕುವುದು ಪ್ರೀತಿಯೆನಿಸದು. ಸುಮಾರು 20 ವರ್ಷಗಳ ಹಿಂದೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಹುಡುಗನೊಬ್ಬನ ಹಿಂದೆ ಹಿಂದೆ ಹೋಗುವ ಪಗ್ ನಾಯಿಯನ್ನು ನೋಡಿ ಮನೆಮನೆಗೂ ಪಗ್ ಬಂದವು. ಆ ಚಪ್ಪಟೆ ಮೂಗಿನ ನಾಯಿಗೆ ಸೆಕೆಯಲ್ಲಿ ಉಸಿರಾಡುವುದೇ ಕಷ್ಟ ಎಂಬುದು ತಂದ ಮೇಲೆ ಗೊತ್ತಾಯಿತು.

ನಮ್ಮದೇ ಮುಧೋಳ ನಾಯಿ ಹೆಮ್ಮೆಯ ತಳಿ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ಬಂದಿದೆ, ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟಿ ಓಡುವ ಬೇಟೆನಾಯಿ. ಓಡಲು ಬಯಲಿಲ್ಲದ ಎರಡು ಕೋಣೆಯ ಮನೆಯಲ್ಲಿ, ಅತ್ತಿಂದಿತ್ತ ಓಡುವ ಚಿಕ್ಕ ಮಕ್ಕಳ ನಡುವೆ ಅದನ್ನು ಕಟ್ಟಿಹಾಕಿದರೆ ಅದಕ್ಕೂ ಸುಖವಿಲ್ಲ, ನಿಮಗೂ ಇಲ್ಲ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ನಾಡುನಾಯಿಯನ್ನೇ. ಮುದ್ದೆ ಮೊಸರಿಗೂ ಹೊಂದಿಕೊಳ್ಳುತ್ತದೆ, ಬಿಸಿಲಿಗೂ ಬಗ್ಗುವುದಿಲ್ಲ. ಪಕ್ಷಪಾತವೆಂದರೆ ಒಪ್ಪಿಕೊಳ್ಳುತ್ತೇನೆ.

ಮರಿಯನ್ನು ಎಷ್ಟು ದಿನಕ್ಕೆ ತರಬೇಕು? ಲಸಿಕೆ ಯಾವಾಗ?

8 ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬಾರದು. ಹಲ್ಲು ಊರುವುದನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂಬುದನ್ನು ಮರಿ ಕಲಿಯುವುದು ತನ್ನ ಒಡಹುಟ್ಟುಗಳ ಜೊತೆ ಆಡುವಾಗ. ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತದೆ. ಆ ಪಾಠ ತಪ್ಪಿದ ಮರಿ ಅದನ್ನು ನಿಮ್ಮ ಮಗುವಿನ ಕೈಯ ಮೇಲೆ ಕಲಿಯಲು ಹೊರಡುತ್ತದೆ. ಲಸಿಕೆಗಳು 6ರಿಂದ 8 ವಾರಕ್ಕೆ ಆರಂಭವಾಗಿ 3-4 ವಾರಗಳ ಅಂತರದಲ್ಲಿ ಮುಂದುವರಿಯುತ್ತವೆ. ರೇಬಿಸ್ ಲಸಿಕೆಯನ್ನು ಸಾಮಾನ್ಯವಾಗಿ 3 ತಿಂಗಳಿಗೆ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಮರಳಿ ಹಾಕಿಸಬೇಕು. ಲಸಿಕೆಯ ಪುಸ್ತಕವನ್ನು ಮಕ್ಕಳ ಲಸಿಕೆಯ ಕಾರ್ಡಿನ ಜೊತೆಯಲ್ಲೇ ಇಡಿ. ಆಗ ಹುಡುಕಾಟ ತಪ್ಪುತ್ತದೆ.

ಬಾಣಂತನ ಮುಗಿಸಿ ಮಗುವಿನೊಂದಿಗೆ ಮನೆಗೆ ಬರುತ್ತಿದ್ದೇವೆ. ನಾಯಿಯನ್ನು ಹೇಗೆ ಸಿದ್ಧಪಡಿಸುವುದು?

ಹೆರಿಗೆಯಾದ ಎರಡು ಮೂರು ದಿನಕ್ಕೇ ಮಗು ಮನೆಗೆ ಬರುವ ಕಡೆಯ ಸಲಹೆಗಳು ನಮಗೆ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ಹೆಂಗಸು ಏಳನೆಯ ಅಥವಾ ಒಂಬತ್ತನೆಯ ತಿಂಗಳಿಗೆ ತವರಿಗೆ ಹೋಗಿ, ಮಗುವಿಗೆ ಮೂರೋ ಐದೋ ತಿಂಗಳು ತುಂಬಿದ ಮೇಲೆ ಮರಳುತ್ತಾಳೆ. ನಾಯಿಯ ದೃಷ್ಟಿಯಿಂದ ನೋಡಿದರೆ, ತನಗೆ ದಿನವೂ ಅನ್ನ ಹಾಕುತ್ತಿದ್ದ ಮನುಷ್ಯಳು ಒಂದು ದಿನ ಮಾಯವಾಗಿ, ಅರ್ಧ ವರ್ಷ ಕಳೆದ ಮೇಲೆ ಅಳುವ ಗಂಟೊಂದನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅದು ಹಾರಿ ಮೈಮೇಲೆ ಬೀಳದಿದ್ದರೆ ಆಶ್ಚರ್ಯ. ಆದ್ದರಿಂದ ಆ ದಿನ ಮಗು ತಾಯಿಯ ಕೈಯಲ್ಲಿರಬಾರದು. ಆರತಿ ಎತ್ತಿ ಒಳಗೆ ಕರೆದುಕೊಳ್ಳುವ ಹೊತ್ತಿಗೆ ನಾಯಿಯನ್ನು ಹಿತ್ತಲಲ್ಲೋ ಬೇರೆ ಕೋಣೆಯಲ್ಲೋ ಇಟ್ಟು, ಶಾಸ್ತ್ರವೆಲ್ಲ ಮುಗಿದ ಮೇಲೆ ತಾಯಿಯೊಬ್ಬಳೇ ಹೋಗಿ ನಾಯಿಯನ್ನು ಮಾತನಾಡಿಸಬೇಕು. ಅದು ಕುಣಿದು, ಕಿರುಚಿ, ಕೈಯೆಲ್ಲ ನೆಕ್ಕಿ ಸುಸ್ತಾಗಿ ಕುಳಿತ ಮೇಲೆ ಹಗ್ಗ ಹಾಕಿ ಒಳಗೆ ತಂದು, ನಾಲ್ಕೈದು ಮಾರು ದೂರದಿಂದ ಮಗುವನ್ನು ತೋರಿಸಿದರೆ ಸಾಕು.

ಸಿದ್ಧತೆ ಅದಕ್ಕಿಂತ ಮೊದಲೇ ಶುರುವಾಗಿರಬೇಕು. ನಾಯಿ ಮಲಗುವ ಕೋಣೆಯಲ್ಲೇ ಇರುತ್ತಿದ್ದರೆ, ಅದರ ಜಾಗವನ್ನು ಎರಡು ತಿಂಗಳು ಮುಂಚೆಯೇ ಬದಲಿಸಬೇಕು. ಮಗು ಬಂದ ದಿನವೇ ಹೊರಗೆ ಹಾಕಿದರೆ ಆ ಎರಡು ಸಂಗತಿಗಳಿಗೆ ಅದು ಗಂಟು ಹಾಕಿಕೊಳ್ಳುತ್ತದೆ. ತೊಟ್ಟಿಲನ್ನು ಮೊದಲೇ ಕಟ್ಟಿಡಿ. ತವರಿಗೆ ಹೋಗಿ ಬರುವ ಗಂಡ ಮಗುವಿಗೆ ಸುತ್ತಿದ್ದ ಬಟ್ಟೆಯೊಂದನ್ನು ಒಗೆಯದೆ ತಂದು ಮನೆಯಲ್ಲಿಟ್ಟರೆ ನಾಯಿ ಅದನ್ನು ಮೂಸಿ ನೋಡಿಕೊಳ್ಳುತ್ತದೆ. ನಾವು ಹಾಗೆ ತಂದ ಬಟ್ಟೆಗೆ ಬಜೆ, ಸಾಂಬ್ರಾಣಿ ಹೊಗೆ, ಹುಳಿ ಹಾಲಿನ ವಾಸನೆ ಮೂರೂ ಇದ್ದವು. ಕರಿಯ ಅದನ್ನು ಒಂದು ನಿಮಿಷ ಮೂಸಿ, ಸೀನಿ, ತನ್ನ ಗೋಣಿಚೀಲದ ಮೇಲೆ ಹೋಗಿ ಮಲಗಿದ.

ಆಮೇಲಿನ ದಿನಗಳಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮಗು ಎಚ್ಚರವಿದ್ದಾಗ ನಾಯಿಯನ್ನು ಗದರಿ ಅಟ್ಟುತ್ತಾರೆ, ಮಗು ಮಲಗಿದ ಮೇಲೆ ಪಾಪವೆನಿಸಿ ಮುದ್ದು ಮಾಡುತ್ತಾರೆ. ಮಗು ಇಲ್ಲದಿರುವಾಗಲೇ ತನಗೆ ಒಳ್ಳೆಯದಾಗುತ್ತದೆ ಎಂದು ನಾಯಿ ಕಲಿಯುತ್ತದೆ. ಇದನ್ನು ತಿರುಗಿಸಬೇಕು. ಮಗು ತೊಡೆಯ ಮೇಲಿರುವಾಗಲೇ ನಾಯಿಗೆ ಒಂದು ತುಂಡು ರೊಟ್ಟಿ, ಒಂದು ಒಳ್ಳೆಯ ಮಾತು ಸಿಗಬೇಕು.

ಅಡುಗೆಮನೆಗೆ ಎರಡು ನಿಮಿಷ ಹೋಗಿ ಬರುವಷ್ಟರಲ್ಲಿ ಏನಾಗುತ್ತದೆ? ನಮ್ಮ ನಾಯಿ ಬಹಳ ಸಾಧು.

ಸಾಧು ನಾಯಿಯೇ ಇರಲಿ, ಐದಾರು ವರ್ಷದೊಳಗಿನ ಮಗುವನ್ನು ಅದರೊಂದಿಗೆ ಒಂಟಿಯಾಗಿ ಬಿಡಬಾರದು. ಇದರಲ್ಲಿ ವಿನಾಯಿತಿ ಇಲ್ಲ. ಹಾಲು ಉಕ್ಕುತ್ತಿದ್ದರೆ ಮಗುವನ್ನು ಎತ್ತಿಕೊಂಡು ಹೋಗಿ, ಇಲ್ಲವೇ ನಾಯಿಯನ್ನು ಕರೆದುಕೊಂಡು ಹೋಗಿ. ಇಬ್ಬರಲ್ಲಿ ಕರೆದರೆ ಬರುವುದು ನಾಯಿ ಮಾತ್ರ. ಅದೇ ಕೋಣೆಯಲ್ಲಿ ಕುಳಿತು ಮೊಬೈಲ್ ನೋಡುವುದು ಕಾವಲಲ್ಲ ಎಂಬುದನ್ನು ನನಗೇ ನಾನು ಹೇಳಿಕೊಳ್ಳಬೇಕಾಗಿ ಬಂದಿದೆ.

ನಾಯಿ ಮಗುವನ್ನು ನೋಡಿ ಗುರ್ ಎಂದಿತು. ಬೈಯಬೇಕೇ?

ಬೈಯಬೇಡಿ. ಈ ಪುಟದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗುರ್ ಎನ್ನುವುದು ನಾಯಿಯ ಬಾಯಲ್ಲಿರುವ "ಬೇಡ" ಎಂಬ ಮಾತು. ಆ ಮಾತಿಗೆ ಏಟು ಕೊಟ್ಟರೆ ನಾಯಿ ಆ ಮಾತನ್ನು ಬಿಡುತ್ತದೆ, ಬೇಡವೆನಿಸುವುದು ಬಿಡುವುದಿಲ್ಲ. ಮುಂದಿನ ಸಲ ಗುರ್ ಎನ್ನದೆ ನೇರವಾಗಿ ಬಾಯಿ ಹಾಕುತ್ತದೆ, ಮನೆಯವರು "ಏನೂ ಸೂಚನೆಯೇ ಕೊಡದೆ ಕಚ್ಚಿಬಿಟ್ಟಿತು" ಎನ್ನುತ್ತಾರೆ.

ಗುರ್ ಎನ್ನುವುದಕ್ಕೂ ಮೊದಲು ಅದು ಬೇಕಾದಷ್ಟು ಸಲ ಹೇಳಿರುತ್ತದೆ. ನಮ್ಮ ಮಗ ಎರಡೂವರೆ ವರ್ಷದವನಿದ್ದಾಗಿನ ಒಂದು ಮಧ್ಯಾಹ್ನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕರಿಯ ದಿವಾನದ ಕೆಳಗೆ ಮಲಗಿದ್ದ, ಮಗ ಬಿಸ್ಕತ್ತು ಹಿಡಿದು ಹೊಟ್ಟೆಯ ಮೇಲೆ ತೆವಳಿಕೊಂಡು ಅಲ್ಲಿಗೇ ಹೊರಟಿದ್ದ. ಕರಿಯ ಮೊದಲು ಮುಖ ತಿರುಗಿಸಿದ. ಆಮೇಲೆ ನಿದ್ದೆಯಿಲ್ಲದೆಯೂ ಆಕಳಿಸಿದ. ತಿನ್ನಲು ಏನೂ ಇಲ್ಲದಿದ್ದರೂ ಮೂಗನ್ನು ನೆಕ್ಕಿಕೊಂಡ. ಕಣ್ಣಿನ ಅಂಚಿನ ಬಿಳಿ ಅರ್ಧಚಂದ್ರದ ಹಾಗೆ ಕಂಡಿತು. ಮಗ ಕಿವಿಗೆ ಕೈ ಹಾಕಿದ ಮೇಲಷ್ಟೇ ಗುರ್ ಎಂದದ್ದು. ಅತ್ತೆ ಪೊರಕೆ ತೆಗೆದುಕೊಂಡರು. ನಾನು ಮಗನ ಕಾಲು ಹಿಡಿದು ಈಚೆಗೆ ಎಳೆದುಕೊಂಡೆ. ಮರುದಿನ ಪಶುವೈದ್ಯರು ನೋಡಿದಾಗ ಆ ಕಿವಿಯೊಳಗೆ ಸೋಂಕಾಗಿ ಕೀವು ತುಂಬಿತ್ತು. ನಾಲ್ಕು ಸಲ ಬೇಡವೆಂದ ಮೇಲೆ ಐದನೆಯ ಸಲ ದನಿ ಎತ್ತಿದ್ದಕ್ಕೆ ಅವನಿಗೆ ಪೊರಕೆಯೇಟು ಬೀಳುವುದರಲ್ಲಿತ್ತು.

ಹಾಗಾಗಿ ಕ್ರಮ ಇಷ್ಟೇ. ಸದ್ದಿಲ್ಲದೆ ಮಗುವನ್ನು ದೂರ ಕರೆದುಕೊಳ್ಳಿ, ನಾಯಿಗೆ ಹೋಗಲು ದಾರಿ ಬಿಡಿ, ಆಮೇಲೆ ಯಾಕೆಂದು ಹುಡುಕಿ: ನೋವೇ, ಊಟದ ಬಟ್ಟಲೇ, ನಿದ್ದೆಯೇ, ಮೂಲೆಗೆ ಸಿಕ್ಕಿಕೊಂಡಿದ್ದೇ? ಇದುವರೆಗೆ ಎಂದೂ ಗುರ್ ಎನ್ನದ ನಾಯಿ ಎಂದರೆ ಮೊದಲು ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ಆಗುತ್ತಿದ್ದರೆ ನಾಯಿಯ ವರ್ತನೆ ಬಲ್ಲವರ ನೆರವು ಬೇಕು. ಅಲ್ಲಿಯವರೆಗೆ ಇಬ್ಬರ ನಡುವೆ ಬಾಗಿಲೋ ಗೇಟೋ ಇರಲೇಬೇಕು.

ಮಕ್ಕಳಿಗೆ ಏನನ್ನು ಕಲಿಸಬೇಕು?

ಮೊದಲು ಒಂದು ಗಾದೆಯನ್ನು ಮರೆಸಬೇಕು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬುದು ಬಾಯಿಬಡುಕರ ಬಗೆಗಿನ ಮಾತು, ನಾಯಿಗಳ ಬಗೆಗಿನದಲ್ಲ. ಬೊಗಳುವ ನಾಯಿಯೂ ಕಚ್ಚುತ್ತದೆ. ಬಾಲ ಅಲ್ಲಾಡಿಸುವ ನಾಯಿಯೂ ಕಚ್ಚೀತು: ಇಡೀ ಸೊಂಟ ಬಳುಕಿಸಿ ಬಾಲ ಬೀಸುವುದಕ್ಕೂ, ಮೈ ಸೆಟೆಸಿ ಬಾಲವನ್ನು ಮೇಲೆತ್ತಿ ಚಿಕ್ಕದಾಗಿ ಅದುರಿಸುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ನಮಗಿಂತ ಬೇಗ ಗುರುತಿಸುತ್ತಾರೆ, ತೋರಿಸಿಕೊಟ್ಟರೆ ಸಾಕು.

ಉಣ್ಣುವ, ಮಲಗಿದ, ಮರಿಗಳಿಗೆ ಹಾಲೂಡಿಸುವ ನಾಯಿಯ ತಂಟೆಗೆ ಹೋಗಬಾರದು. ಅಪ್ಪಿಕೊಳ್ಳುವುದು ಮನುಷ್ಯರ ಪ್ರೀತಿ. ಕುತ್ತಿಗೆಗೆ ಕೈ ಸುತ್ತಿದರೆ ಬಹಳಷ್ಟು ನಾಯಿಗಳಿಗೆ ಸಿಕ್ಕಿಬಿದ್ದಂತಾಗುತ್ತದೆ, ಆ ಹೊತ್ತಿಗೆ ಮಗುವಿನ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಎದೆಯ ಪಕ್ಕ, ಭುಜದ ಮೇಲೆ ಸವರಲಿ. ನಮ್ಮ ಮನೆಯಲ್ಲಿ ಮೂರು ಸಲ ಸವರಿ ಕೈ ತೆಗೆಯುವುದು ರೂಢಿ. ಕರಿಯ ಮತ್ತೆ ಹತ್ತಿರ ಬಂದು ಒರಗಿದರೆ ಮುಂದುವರಿಯಬಹುದು, ಎದ್ದು ಹೋದರೆ ಹಿಂದೆ ಹೋಗುವಂತಿಲ್ಲ. ಬೀದಿಯಲ್ಲಿ ಗುರುತಿಲ್ಲದ ನಾಯಿ ಬೆನ್ನಟ್ಟಿದರೆ ಓಡದೆ ಕೈಕಟ್ಟಿ, ನೆಲ ನೋಡುತ್ತ ನಿಂತುಬಿಡಬೇಕು. ಮಕ್ಕಳು ಆಡುವ "ಸ್ಟ್ಯಾಚ್ಯೂ" ಆಟವನ್ನೇ ಇದಕ್ಕೆ ಬಳಸಿಕೊಂಡು ಅಂಗಳದಲ್ಲಿ ಅಭ್ಯಾಸ ಮಾಡಿಸಿದ್ದೇವೆ.

ಹಲ್ಲು ತಾಗಿದೆ ಅಥವಾ ಪರಚಿದೆ. ಸಾಕುನಾಯಿಯೇ ಅಲ್ಲವೇ, ಚುಚ್ಚುಮದ್ದು ಬೇಕೇ?

ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡು ತೊಳೆಯಿರಿ, ಏಕೆಂದರೆ ಅಳುವ ಮಗುವಿನ ಕೈ ಹಿಡಿದುಕೊಂಡವರಿಗೆ ಎರಡು ನಿಮಿಷವೇ ಹದಿನೈದರಷ್ಟು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬಿಸ್ ಲಸಿಕೆ ಉಚಿತವಾಗಿ ಸಿಗುತ್ತದೆ. ನಾಯಿಗೆ ಲಸಿಕೆಯಾಗಿದೆ ಎಂಬುದನ್ನು ವೈದ್ಯರಿಗೆ ಹೇಳಿ, ಆದರೆ ಮಗುವಿಗೆ ಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಕಚ್ಚಿದ ನಾಯಿಯನ್ನು 10 ದಿನ ಗಮನಿಸಬೇಕೆಂಬುದು ನಿಜ. ಹತ್ತು ದಿನ ನೋಡಿ ಆಮೇಲೆ ಚುಚ್ಚುಮದ್ದು ಶುರುಮಾಡೋಣ ಎಂಬುದು ತಪ್ಪು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಹಿರಿಯರು ಹೆದರುವ, ಹೊಕ್ಕುಳ ಸುತ್ತ 14 ಚುಚ್ಚುವ ಹಳೆಯ ಲಸಿಕೆ ಭಾರತದಲ್ಲಿ 2005ರ ಹೊತ್ತಿಗೇ ನಿಂತುಹೋಗಿದೆ. ಈಗ ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ ಹಾಕುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 0, 3, 7, 14, 28ನೆಯ ದಿನಗಳಂದು, ಚರ್ಮದೊಳಗೆ ಕೊಡುವ ಕ್ರಮದಲ್ಲಿ 0, 3, 7, 28ನೆಯ ದಿನಗಳಂದು ಹೋಗಬೇಕು (0 ಎಂದರೆ ಮೊದಲ ಚುಚ್ಚುಮದ್ದಿನ ದಿನ). ರಕ್ತ ಬಂದ ಗಾಯಕ್ಕೆ ಇದರ ಜೊತೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯ) ಕೂಡ ಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಿ.

ಇದೆಲ್ಲಕ್ಕೂ ಮೊದಲು ಮಗು ಬಂದು ಹೇಳಬೇಕಲ್ಲ! ಬೀದಿನಾಯಿಯ ಮರಿಯೊಂದಿಗೆ ಆಡುವಾಗ ಆದ ಗೀರನ್ನು ನಮ್ಮ ಮಗಳು ಬೈಗುಳಕ್ಕೆ ಹೆದರಿ ಎರಡು ದಿನ ಉದ್ದ ತೋಳಿನ ಅಂಗಿ ಹಾಕಿಕೊಂಡು ಮುಚ್ಚಿಟ್ಟಿದ್ದಳು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಆ ಅಂಗಿ ಯಾಕೆ ಎಂದು ಕೇಳಿದ್ದು ಅವಳ ಅಜ್ಜಿ. ಅಂದಿನಿಂದ ನಾಯಿ, ಬೆಕ್ಕು, ಕೋತಿ ಏನೇ ತಾಗಿಸಿದರೂ ಹೇಳಿದವರಿಗೆ ಬೈಗುಳವಿಲ್ಲ ಎಂಬ ಕರಾರು ಮನೆಯಲ್ಲಿದೆ.

ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ನಾಯಿಗೆ ಹಾಕಬಹುದೇ?

ಸಪ್ಪೆ ಅನ್ನ, ಮುದ್ದೆ, ಬೇಯಿಸಿದ ಮೊಟ್ಟೆ, ಕ್ಯಾರೆಟ್ಟು, ಒಗ್ಗಿದರೆ ಸ್ವಲ್ಪ ಮೊಸರು ಹಾಕಬಹುದು. ಆದರೆ ಅನ್ನ ಮುದ್ದೆಯಷ್ಟೇ ಸಾಲದು, ಮಾಂಸವೋ ಮೊಟ್ಟೆಯೋ ಜೊತೆಗಿರಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ನಮ್ಮ ಹುಳಿ, ಪಲ್ಯ, ಸಾರುಗಳಲ್ಲಿ ಹೆಚ್ಚಿನವು ಸಲ್ಲ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ. ಮಗು ಕೇಸರಿಬಾತಿನಿಂದ ಆರಿಸಿ ಕೆಳಗೆ ಹಾಕುವುದು ಅದನ್ನೇ ಎಂಬುದನ್ನು ಗಮನಿಸಿ. ಚಾಕಲೇಟು, ಸಕ್ಕರೆರಹಿತ ಚೂಯಿಂಗ್ ಗಮ್ಮಿನಲ್ಲಿರುವ ಜೈಲಿಟಾಲ್, ಬೆಂದ ಕೋಳಿಮೂಳೆ ಇವೂ ಅಪಾಯ. ಮಕ್ಕಳ ಜ್ವರದ ಸಿರಪ್ಪನ್ನು ನಾಯಿಗೆ ಎಂದೂ ಕುಡಿಸಬೇಡಿ. ಮೈ ಬಿಸಿಯಿದೆ ಎಂದು ಹಾಗೆ ಮಾಡುವವರಿದ್ದಾರೆ, ಆದರೆ ನಾಯಿಯ ಸಹಜ ಉಷ್ಣತೆಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್.

ನಾಯಿಯಿಂದ ಮಕ್ಕಳಿಗೆ ರೋಗ ಬರುವುದಿಲ್ಲವೇ? ಕೂದಲು ಹೊಟ್ಟೆಗೆ ಹೋದರೆ?

ಕೂದಲು ಹೊಟ್ಟೆಗೆ ಹೋದರೆ ಬಂದ ಹಾಗೆ ಹೊರಗೆ ಹೋಗುತ್ತದೆ. ಭಯಪಡಬೇಕಾದ್ದು ಜಂತುಹುಳುವಿಗೆ. ನಾಯಿಯ ದುಂಡುಹುಳುವಿನ ಮೊಟ್ಟೆಗಳು ಮಲದ ಮೂಲಕ ಮಣ್ಣು ಸೇರಿ, ಅಲ್ಲಿ ಕೆಲವು ವಾರ ಬಲಿತ ಮೇಲೆ ಸೋಂಕು ತರುವಂತಾಗುತ್ತವೆ. ಮಣ್ಣಾಡಿ ಕೈ ಬಾಯಿಗೆ ಹಾಕುವ ಮಕ್ಕಳಿಗೆ ತಗಲುವುದು ಹೀಗೆ. ಆದ್ದರಿಂದ ಮಲವನ್ನು ಆಯಾ ದಿನವೇ ತೆಗೆದರೆ ಅರ್ಧ ಅಪಾಯ ಕಳೆದಂತೆ. ಮರಿಗೆ 3 ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ಕೊಡಿಸುವುದು ರೂಢಿ. ಇಲಿಜ್ವರ ನಾಯಿಯ ಮೂತ್ರದಿಂದಲೂ ಹರಡಬಲ್ಲದು, ಅದಕ್ಕೆ ಲಸಿಕೆಯಿದೆ. ಮಳೆಗಾಲದಲ್ಲಿ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ಉಣ್ಣೆ ಹುಡುಕುವ ಕೆಲಸ ಮಕ್ಕಳಿಗೆ ಇಷ್ಟವಾಗುತ್ತದೆ. ಹುಡುಕಲಿ, ಕೀಳುವುದನ್ನು ದೊಡ್ಡವರು ಮಾಡಬೇಕು. ಬೆನ್ನಿಗೆ ಹಾಕುವ ಉಣ್ಣೆಯ ಔಷಧಿ ಪೂರ್ತಿ ಒಣಗುವವರೆಗೆ ಮಕ್ಕಳು ನಾಯಿಯನ್ನು ಮುಟ್ಟಬಾರದು.

ಅತ್ತೆಯವರಿಗೆ ಮಡಿ. ನಾಯಿ ಒಳಗೆ ಬಂದರೆ ಮನೆಯಲ್ಲಿ ಜಗಳ. ಏನು ಮಾಡುವುದು?

ಮೊದಲು ಅವರನ್ನು ಕೇಳಿ, ಆಮೇಲೆ ನಾಯಿ ತನ್ನಿ. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳಿವೆ, ಭೈರವನ ವಾಹನವೇ ನಾಯಿ, ಧರ್ಮರಾಯನ ಜೊತೆ ಕೊನೆಯವರೆಗೂ ನಡೆದದ್ದು ನಾಯಿ ಎಂದು ನಮ್ಮ ಮಗಳು ವಾದ ಹೂಡಿದಳು. "ಆ ನಾಯಿಗಳು ನನ್ನ ಒಣಹಾಕಿದ ಸೀರೆ ಎಳೀಲಿಲ್ಲ" ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಕೊನೆಗೆ ಕೆಲಸಕ್ಕೆ ಬಂದದ್ದು ಗಡಿ. ದೇವರ ಮನೆ ಮತ್ತು ಅಡುಗೆಮನೆಯ ಹೊಸಿಲನ್ನು ಕರಿಯ ದಾಟುವುದಿಲ್ಲ, ಹಾಗೆಂದು ಮರಿಯಿದ್ದಾಗಲೇ ಕಲಿಸಿದ್ದೇವೆ. ಮಕ್ಕಳು ಅವನನ್ನು ಮುಟ್ಟಿದರೆ ಕೈಕಾಲು ತೊಳೆದೇ ಒಳಗೆ ಬರಬೇಕು. ಮಡಿಗೂ ವೈದ್ಯರಿಗೂ ಈ ವಿಷಯದಲ್ಲಿ ಒಮ್ಮತವಿದೆ.

ಅಪಾರ್ಟ್‌ಮೆಂಟಿನವರು ನಾಯಿ ಸಾಕಬಾರದು ಎನ್ನುತ್ತಾರೆ. ಹಾಗೆನ್ನಬಹುದೇ?

ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ನಾಯಿಗೆ ಹೆದರುವ ಮಕ್ಕಳೂ ಅದೇ ಲಿಫ್ಟಿನಲ್ಲಿ ಬರುತ್ತಾರೆ. ಹಗ್ಗವಿಲ್ಲದೆ ಕರೆತರುವುದು, ಮಲ ಎತ್ತದೆ ಹೋಗುವುದು, "ಏನೂ ಮಾಡಲ್ಲ ಬಿಡಿ" ಎಂದು ಅಳುವ ಮಗುವಿನ ಹತ್ತಿರ ಬಿಡುವುದು ಇವು ಯಾವ ಮಾರ್ಗಸೂಚಿಯ ಹಕ್ಕೂ ಅಲ್ಲ. ಹಗ್ಗದ ತುದಿ ಮಗುವಿನ ಕೈಯಲ್ಲಿದ್ದರೆ ಇನ್ನೊಂದು ಹಿಡಿ ದೊಡ್ಡವರ ಕೈಯಲ್ಲಿರಲಿ.

ದೀಪಾವಳಿಯ ದಿನ ಮಕ್ಕಳಿಗೆ ಪಟಾಕಿ ಬೇಕು, ನಾಯಿ ನಡುಗುತ್ತದೆ.

ಕತ್ತಲಾಗುವ ಮೊದಲೇ ನಾಯಿಯನ್ನು ತಿರುಗಾಡಿಸಿ, ಉಣಿಸಿ, ಮನೆಯ ನಡುವಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನು ಟಿವಿ ಹಾಕಿಡಿ. ಹೆದರಿ ಓಡಿ ಕಳೆದುಹೋಗುವ ನಾಯಿಗಳು ಈ ಮೂರು ದಿನ ಹೆಚ್ಚು, ಹಾಗಾಗಿ ಕೊರಳ ಪಟ್ಟಿಯಲ್ಲಿ ಫೋನ್ ಸಂಖ್ಯೆ ಇರಲಿ. ಮಂಚದಡಿ ಅಡಗಿದ್ದನ್ನು ಮಕ್ಕಳು ಎಳೆಯದಿರಲಿ. ನಮ್ಮ ಮಕ್ಕಳು ಈಗ ಸುರುಸುರುಬತ್ತಿ, ಹೂಕುಂಡಕ್ಕೆ ಒಪ್ಪಿದ್ದಾರೆ. ಒಪ್ಪದ ವರ್ಷಗಳೂ ಇದ್ದವು.

ನಾಯಿ ಸತ್ತರೆ ಮಕ್ಕಳಿಗೆ ಏನೆಂದು ಹೇಳಬೇಕು?

ಸತ್ತುಹೋಯಿತು ಎಂದೇ ಹೇಳಬೇಕು. ಮಲಗಿದೆ ಎಂದರೆ ಮಗು ಮಲಗಲು ಹೆದರುತ್ತದೆ. ಮಣ್ಣು ಮಾಡುವಾಗ ಬರುತ್ತೇನೆಂದರೆ ಕರೆದುಕೊಂಡು ಹೋಗಿ, ಒಂದು ಹಿಡಿ ಮಣ್ಣು ಹಾಕಲು ಬಿಡಿ. ನಮ್ಮ ಮೊದಲ ನಾಯಿ ಹೋದಾಗ ಮಗಳಿಗೆ ಮೂರು ವರ್ಷ. ಊರಿನ ತೋಟಕ್ಕೆ ಕಳಿಸಿದ್ದೇವೆ ಎಂದು ಸುಲಭದ ಸುಳ್ಳು ಹೇಳಿದೆವು. ಆಮೇಲೆ ಒಂದು ವರ್ಷ, ಊರಿಗೆ ಹೋಗುವ ಬಸ್ಸು ಹತ್ತಿದಾಗಲೆಲ್ಲ ಅವಳು ಕಿಟಕಿಯ ಪಕ್ಕವೇ ಕುಳಿತು, ದಾರಿಯಲ್ಲಿ ಕಂಡ ಒಂದೊಂದು ಕಂದು ನಾಯಿಯನ್ನೂ ಹೆಸರು ಹಿಡಿದು ಕೂಗುತ್ತಿದ್ದಳು.